ಹನ್ನೆರಡನೆಯ ವರದಿ

ಆ ಜೈಲಿಗೆ ತರಬೇತಿಗೆ ಬರುವ ಇಂಟರ್ನ್‌ಗಳ ಮೊದಲ ಕೇಸು ಯಾವುದೆಂದು ಹೊರಗೇಟಿನ ವಾರ್ಡರನನ್ನು ಕೇಳಿದರೂ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ: ಮೇಷ್ಟ್ರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಕಸುಬಿನಲ್ಲಿ ಬಡಗಿ. ಹೆಂಡತಿಯ ತಮ್ಮನನ್ನು ಮರದ ಕೊಡತಿಯಿಂದ ಹೊಡೆದು ಕೊಂದು ಹತ್ತೊಂಬತ್ತು ವರ್ಷದಿಂದ ಒಳಗಿದ್ದರು. ಕೊಲೆ ಮಾಡಿದವನಿಗೆ ಬಹುವಚನ ಬೇರೆ ಕೇಡು ಎಂದು ಮೂಗು ಮುರಿಯುವವರು ಮುರಿಯಲಿ. ಆ ಜೈಲಿನಲ್ಲಿ ಸೂಪರಿಂಟೆಂಡೆಂಟರಿಂದ ಹಿಡಿದು ನೆಲ ಒರೆಸುವವನವರೆಗೆ ಯಾರೂ ಅವರನ್ನು ಏಕವಚನದಲ್ಲಿ ಕರೆದದ್ದಿಲ್ಲ. ನಾವೂ ಕರೆಯುವುದು ಬೇಡ.

ಆ ಹೆಸರು ಇಟ್ಟವರು ಮನೋವಿಜ್ಞಾನ ವಿಭಾಗದ ಮುಖ್ಯಸ್ಥೆ, ದೊಡ್ಡ ಮೇಡಂ. ಈ ವಿದ್ಯೆಯಲ್ಲಿ ಡಾಕ್ಟರೇಟ್ ಮಾಡುವವರು ಪದವಿ ಕೈಗೆ ಬರುವ ಮೊದಲು ಒಂದು ವರ್ಷ ಪೂರ್ತಿ ಎಲ್ಲಾದರೂ ಕೆಲಸ ಮಾಡಿ ತೋರಿಸಬೇಕು. ಆಸ್ಪತ್ರೆ ಸಿಗದವರು, ಅಥವಾ ಆಸ್ಪತ್ರೆ ಸಪ್ಪೆ ಎನಿಸಿದವರು, ವರ್ಷಕ್ಕೊಬ್ಬರಂತೆ ಈ ಜೈಲಿಗೆ ಬರುತ್ತಿದ್ದರು. ಪುಸ್ತಕ ಬಿಟ್ಟರೆ ಬೇರೇನೂ ಕಾಣದ ಮಕ್ಕಳನ್ನು ಮೊದಲ ದಿನವೇ ಹುಲಿಯ ಬಾಯಿಗೆ ಕೊಡಲಾಗುತ್ತದೆಯೇ? ಅದಕ್ಕೇ ಮೇಷ್ಟ್ರು. ಅವರು ಹೊತ್ತಿಗೆ ಸರಿಯಾಗಿ ಬರುತ್ತಿದ್ದರು, ನಿಧಾನವಾಗಿ ಬಿಡಿಸಿ ಹೇಳುತ್ತಿದ್ದರು, ಅಳಬೇಕಾದಲ್ಲಿ ಅಳುತ್ತಿದ್ದರು. ಹುಡುಗ ಗಾಬರಿಯಲ್ಲಿ ಏನಾದರೂ ಮರೆತರೆ ತಾವೇ ನೆನಪಿಸುತ್ತಿದ್ದರು: "ಮಗಾ, ನನ್ನ ಬಾಲ್ಯದ ವಿಷಯ ಇನ್ನೂ ಕೇಳಿಲ್ಲ ನೀನು." ಒಬ್ಬಳಂತೂ ಸೊಂಟದಲ್ಲಿದ್ದ ಅಪಾಯದ ಗುಂಡಿಯನ್ನು ಮೊಣಕೈಯಿಂದ ಒತ್ತಿಬಿಟ್ಟು, ಆರು ವಾರ್ಡರುಗಳು ಲಾಠಿ ಹಿಡಿದು ನುಗ್ಗಿದಾಗ, ಮೇಷ್ಟ್ರೇ ಎದ್ದು ನಿಂತು "ಹೊಸ ಮಗು, ಬಿಡ್ರಪ್ಪ" ಎಂದು ಎಲ್ಲರನ್ನೂ ವಾಪಸು ಕಳಿಸಿದ್ದರು.

ಇದರ ಜೊತೆಗೆ ಇನ್ನೊಂದು ಪದ್ಧತಿಯೂ ಇತ್ತು, ಅದು ವಿಶ್ವವಿದ್ಯಾಲಯದವರಿಗೆ ಗೊತ್ತಿರಲಿಲ್ಲ. ಇಂಟರ್ನ್ ಬಂದು ಒಂದು ತಿಂಗಳಾದ ಮೇಲೆ ದೊಡ್ಡ ಮೇಡಂ ಸುಮ್ಮನೆ ಹಾದುಹೋಗುವವರಂತೆ ಬಡಗಿ ಶೆಡ್ಡಿಗೆ ಹೋಗುತ್ತಿದ್ದರು. ಅಲ್ಲಿ ಗೋಡೆಯ ಮೇಲೆ ಪ್ರತಿ ಉಪಕರಣದ ಆಕಾರವನ್ನೂ ಬಣ್ಣದಲ್ಲಿ ಬರೆದಿತ್ತು, ಒಂದು ಉಳಿ ಕಾಣೆಯಾದರೂ ಗೋಡೆಯೇ ಕೂಗಿ ಹೇಳುವ ಹಾಗೆ. ಮೇಡಂ ಆ ಗೋಡೆ ನೋಡುತ್ತಾ ಕೇಳುತ್ತಿದ್ದರು: "ಹೇಗಿದಾನೆ ಮೇಷ್ಟ್ರೇ, ಈ ಸಲದವನು?" ಮೇಷ್ಟ್ರು ಉಜ್ಜುತ್ತಿದ್ದ ಹಲಗೆಯಿಂದ ತಲೆ ಎತ್ತದೆ ತೀರ್ಪು ಕೊಡುತ್ತಿದ್ದರು. "ಕೇಳೋ ಕಿವಿ ಇದೆ. ಬಾಯಿಗೊಂದು ಬೀಗ ಬೇಕು." ಅಥವಾ, "ಒಳ್ಳೇ ಹುಡುಗಿ. ಪಾಸು ಮಾಡಿ, ಆದ್ರೆ ಮಕ್ಕಳ ಆಸ್ಪತ್ರೆಗೆ ಕಳಿಸಿ." ಹನ್ನೊಂದು ವರ್ಷದಲ್ಲಿ ಒಂದು ತೀರ್ಪೂ ಸುಳ್ಳಾಗಿರಲಿಲ್ಲ. ಆ ಹನ್ನೊಂದು ಮಂದಿಯಲ್ಲಿ ಒಬ್ಬ ಈಗ ಪ್ರೊಫೆಸರು, ಇಬ್ಬರು ದೊಡ್ಡ ಆಸ್ಪತ್ರೆಗಳ ವಿಭಾಗ ನಡೆಸುವವರು. "ಹನ್ನೊಂದು ಡಾಕ್ಟರನ್ನ ತಯಾರು ಮಾಡಿದೀನಿ" ಎಂದು ಹೇಳುವಾಗ ಮೇಷ್ಟ್ರ ಎದೆ ಎರಡಂಗುಲ ಮುಂದೆ ಬರುತ್ತಿತ್ತು. ಮೇಡಂಗೂ ಅಷ್ಟೇ ಹೆಮ್ಮೆ. ತಮ್ಮ ಕೈಯಲ್ಲಿ ಕಲಿತ ಒಬ್ಬರೂ ಇಂದಿನವರೆಗೆ ಫೇಲಾಗಿಲ್ಲ ಎಂದು ಕೇಳಿದವರಿಗೂ ಹೇಳುತ್ತಿದ್ದರು, ಕೇಳದವರಿಗೂ ಹೇಳುತ್ತಿದ್ದರು.

ಹನ್ನೆರಡನೆಯವಳು ಬಂದಳು. ಕುಳ್ಳಗೆ, ತೆಳ್ಳಗೆ, ಮುಖದ ಅರ್ಧಕ್ಕೆ ಕನ್ನಡಕ. ಮಾತು ಕಡಿಮೆ. ವಾರ್ಡರುಗಳು ಎರಡನೇ ದಿನಕ್ಕೇ ಚಿಕ್ಕ ಮೇಡಂ ಎಂದು ಹೆಸರಿಟ್ಟರು. ಎಲ್ಲರ ಹಾಗೆ ಅವಳಿಗೂ ಮೇಷ್ಟ್ರ ಕೇಸೇ ಬಂತು, ಆದರೆ ಈ ಸಲ ಅದು ಬರೀ ಅಭ್ಯಾಸವಾಗಿರಲಿಲ್ಲ. ಇನ್ನು ಮೂರು ತಿಂಗಳಿಗೆ ಮೇಷ್ಟ್ರ ಬಿಡುಗಡೆಯ ವಿಚಾರಣೆ ಇತ್ತು. ಹಿಂದೆ ಎರಡು ಸಲ ಸಮಿತಿಯವರು ಆಗುವುದಿಲ್ಲ ಎಂದಿದ್ದರು. ಈ ಸಲವೂ ಹಾಗೇ ಆದರೆ ಮತ್ತೆ ಅರ್ಜಿ ಹಾಕಲು ಐದು ವರ್ಷ ಕಾಯಬೇಕು. ಮೇಷ್ಟ್ರಿಗೆ ಅರವತ್ತನಾಲ್ಕು, ಹೃದಯ ಎರಡು ಸಲ ಕೈಕೊಟ್ಟು ಎದ್ದದ್ದು. ಐದು ವರ್ಷ ಅಂದರೆ ಏನು ಅಂತ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ.

"ಇವರನ್ನ ಹೊರಗೆ ಕಳಿಸದೆ ನಾನು ನಿವೃತ್ತಿ ತಗೊಳ್ಳಲ್ಲ" ಎಂದರು ದೊಡ್ಡ ಮೇಡಂ, ಚಿಕ್ಕ ಮೇಡಂ ಮುಂದೆ. "ಹನ್ನೊಂದು ವರದಿ ಇದೆ. ಎಲ್ಲ ಓದು. ಸಾರ ತೆಗೆದು ಹನ್ನೆರಡನೇದು ಬರಿ. ಸಮಿತಿಯೋರಿಗೆ ಬೇಡ ಅನ್ನೋಕೆ ಬಾಯಿ ಬರಬಾರದು, ಹಾಗೆ ಬರಿ."

ಐದು ವಾರ ಕಳೆಯಿತು. ಒಂದು ಬೆಳಿಗ್ಗೆ ಮೇಷ್ಟ್ರು ಅನುಮತಿ ಚೀಟಿ ಬರೆಸಿಕೊಂಡು ತಾವೇ ವಿಭಾಗಕ್ಕೆ ಬಂದರು. ಹಾಗೆ ಬಂದವರಲ್ಲ ಅವರು. ತಲೆಕೂದಲಲ್ಲಿ ಇನ್ನೂ ಮರದ ಹೊಟ್ಟು ಇತ್ತು.

"ಮೇಡಂ, ಈ ಮಗು ಪಾಸಾಗಲ್ಲ."

"ಯಾಕೆ ಮೇಷ್ಟ್ರೇ? ಏನಾಯ್ತು?"

"ನಾನು ಆ ದಿನದ ಕಥೆ ಶುರು ಮಾಡಿದೆ, ಎಲ್ಲರಿಗೂ ಹೇಳೋ ಹಾಗೇ. ಅಂಗಡಿ ಬಾಗಿಲ ತನಕ ಬಂದಿದ್ದೆ. 'ಇದು ಬೇಡ, ಇದನ್ನ ನಾನು ಹನ್ನೊಂದು ಸಲ ಓದಿದೀನಿ' ಅಂದ್ಲು! ಆಮೇಲೆ ಸುಮ್ನೆ ಕೂತ್ಲು. ನಾನೂ ಸುಮ್ನೆ ಕೂತೆ. ಐವತ್ತು ನಿಮಿಷ. ಕಳೆದ ವಾರವೂ ಅದೇ, ಈ ವಾರವೂ ಅದೇ. ಗಡಿಯಾರದ ಮುಖ ನೋಡ್ಕೊಂಡು ಕೂತ್ಕೊಳ್ಳೋಕೆ ನಂಗೇನು ಬೇರೆ ಕೆಲಸ ಇಲ್ವಾ? ಎರಡು ಕಿಟಕಿ ಚೌಕಟ್ಟು ಬಾಕಿ ಬಿದ್ದಿದೆ." ಮೇಷ್ಟ್ರು ನಿಜವಾಗಿ ನೊಂದಿದ್ದರು. "ಕಲಿಯೋ ಮನಸ್ಸಿಲ್ಲ ಮೇಡಂ ಅವಳಿಗೆ. ಕಲಿಸೋನಿಗೆ ಮರ್ಯಾದೆ ಇಲ್ಲ."

ಗುರುವಾರ ಮಧ್ಯಾಹ್ನದ ಎರಡು ಗಂಟೆ ವಿದ್ಯಾರ್ಥಿಗಳಿಗೆಂದೇ ಮೀಸಲು. ಬಾಗಿಲು ಹಾಕಿ, ಫೋನು ಎತ್ತಿಟ್ಟು, ಏನು ಬೇಕಾದರೂ ಕೇಳಬಹುದು, ಏನು ಬೇಕಾದರೂ ಹೇಳಬಹುದು ಎಂಬುದು ದೊಡ್ಡ ಮೇಡಂ ತಾವೇ ಮಾಡಿದ ನಿಯಮ. ನಿಯಮ ಮಾಡಿದವರಿಗೇ ಅದು ಯಾವಾಗ ತಿರುಗಿ ಕಚ್ಚುತ್ತದೋ ಗೊತ್ತಿರುವುದಿಲ್ಲ. ಅವತ್ತು ಮೇಡಂ ಬೈಯಲು ಸಿದ್ಧವಾಗಿಯೇ ಕೂತಿದ್ದರು. ಚಿಕ್ಕ ಮೇಡಂ ಗದ್ದಕ್ಕೆ ತಾಗುವಷ್ಟು ಎತ್ತರದ ಫೈಲುಗಳ ಕಟ್ಟು ಹೊತ್ತು ಬಂದು, ಒಂದೊಂದನ್ನೂ ಬಿಚ್ಚಿ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಮೇಜು ಸಾಲದೆ ನಾಲ್ಕು ನೆಲಕ್ಕೆ ಬಂದವು.

"ಈ ಸಾಲು ಓದಿ ಮೇಡಂ. ಇಲ್ಲಿ. ಆಮೇಲೆ ಇಲ್ಲಿ."

'ಕಣ್ಣು ಕತ್ತಲೆ ಬಂತು ಮಗಾ, ಆಮೇಲೆ ನೋಡಿದ್ರೆ ಕೊಡತಿ ನನ್ನ ಕೈಯಲ್ಲಿತ್ತು. ಅವನಲ್ಲಿ ಉಸಿರಿರಲಿಲ್ಲ. ಬೀದಿಗೆ ಓಡಿದೆ.' ಹನ್ನೊಂದು ವರ್ಷ, ಹನ್ನೊಂದು ಕೈಬರಹ, ಮಾತು ಮಾತ್ರ ಅಕ್ಷರ ತಪ್ಪದೆ ಒಂದೇ. ಅದರ ಕೆಳಗೆ ಎಲ್ಲರೂ ಬರೆದ ಇನ್ನೊಂದು ಸಾಲು: ಕೈದಿ ಅತ್ತರು. ನೀರು ಕೊಡಲಾಯಿತು. ಬೇಡವೆಂದು ಕೈ ಅಡ್ಡ ಹಿಡಿದರು.

"ನೀರು ಯಾಕೆ ಬೇಡ ಅಂತ ಒಬ್ಬರೂ ಕೇಳಿಲ್ಲ" ಎಂದಳು ಚಿಕ್ಕ ಮೇಡಂ.

"ಅಳೋವಾಗ ಗಂಟಲಲ್ಲಿ ನೀರು ಇಳಿಯಲ್ಲ ಕಣೇ. ಅದರಲ್ಲೇನಿದೆ?"

"ಹನ್ನೊಂದು ಸಲವೂ ಇಳಿಯಲಿಲ್ವಾ ಮೇಡಂ?"

ದೊಡ್ಡ ಮೇಡಂ ಹುಬ್ಬು ಗಂಟಿಕ್ಕಿದರು. ಹುಡುಗಿ ಮಾತು ನಿಲ್ಲಿಸಲಿಲ್ಲ. ಕಡಿಮೆ ಮಾತಿನವರು ಬಾಯಿ ಬಿಟ್ಟರೆ ಹೀಗೇ. "ಕಳೆದ ಸಲ ಸಮಿತಿಯೋರು ಪಶ್ಚಾತ್ತಾಪ ಬಾಯಿಪಾಠದ ಹಾಗಿದೆ ಅಂತ ಬರೆದಿದಾರೆ. ನಿಮಗೆ ತುಂಬಾ ಕೋಪ ಬಂದಿತ್ತಂತೆ. ಆದ್ರೆ ಅದು ಬಾಯಿಪಾಠವೇ ಮೇಡಂ. ನಾವೇ ಮಾಡಿಸಿದ್ದು. ಪ್ರತಿ ವರ್ಷ ಹೊಸಬರು ಬರ್ತೀವಿ, ಅವರು ಮೊದಲಿಂದ ಹೇಳ್ತಾರೆ, ನಾವು ಕಲಿತು ಹೋಗ್ತೀವಿ. ಅವರಿಗೆ ಚಿಕಿತ್ಸೆ ಅನ್ನೋದು ಒಂದು ದಿನವೂ ಆಗಿಲ್ಲ. ನಮಗೆ ತರಬೇತಿ ಆಗಿದೆ, ಅಷ್ಟೇ."

"ನಿನ್ನೆ ಮೊನ್ನೆ ಕಣ್ಣು ಬಿಟ್ಟೋಳು ನೀನು" ಎಂದರು ದೊಡ್ಡ ಮೇಡಂ. ಧ್ವನಿ ತಾವು ಅಂದುಕೊಂಡದ್ದಕ್ಕಿಂತ ಏರಿತ್ತು. "ಇಪ್ಪತ್ತೆರಡು ವರ್ಷ ಈ ಬೀಗಗಳ ಒಳಗೆ ಕೂದಲು ಹಣ್ಣು ಮಾಡ್ಕೊಂಡಿದೀನಿ ನಾನು. ನನ್ನ ವಿದ್ಯಾರ್ಥಿಗಳ ಕೆಲಸಾನ ನೀನು ಅಳೆಯೋಕೆ ಬಂದ್ಯಾ?"

ಚಿಕ್ಕ ಮೇಡಂ ಕಟ್ಟಿನ ಅಡಿಯಿಂದ ಇನ್ನೊಂದು ತೆಳು ಫೈಲು ತೆಗೆದಳು. "ವಿದ್ಯಾರ್ಥಿಗಳದ್ದು ಮಾತ್ರ ಅಲ್ಲ ಮೇಡಂ. ಇದು ಅವರೆಲ್ಲರಿಗಿಂತ ಮುಂಚಿನದು. ನಿಮ್ಮದು."

ಅದೇ ಕಣ್ಣು ಕತ್ತಲೆ, ಅದೇ ಬೀದಿ, ಅದೇ ನೀರು. ಕೆಳಗೆ ತಮ್ಮದೇ ದುಂಡನೆಯ ಸಹಿ. ಮೇಡಂ ಅದನ್ನು ಎರಡು ಸಲ ಓದಿದರು. ಆಮೇಲೆ "ಬಾಗಿಲು ಹಾಕ್ಕೊಂಡು ಹೋಗು" ಎಂದರು.

ಮನೆಯಲ್ಲಿ ಮೇಡಂ ಅವರ ತಾಯಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಎಂಬತ್ತೇಳು ವರ್ಷ, ಕಣ್ಣು ಮಸುಕು, ನಾಲಿಗೆ ಮಾತ್ರ ಹೊಸ ಕತ್ತರಿ. ಮಗಳು ಜೈಲಿನ ಕೆಲಸಕ್ಕೆ ಸೇರಿದ ದಿನದಿಂದ ಸಂಜೆ ಸಂಜೆಯೂ ಒಂದೇ ಪ್ರಶ್ನೆ.

"ಬಂದ್ಯಾ? ಇವತ್ತೂ ಬಿಟ್ರಾ ನಿನ್ನ?"

"ಬಿಟ್ರು ಅಮ್ಮ. ಇವತ್ತು ಬಿಡಬಾರದಿತ್ತು."

ಯಾರ ಗುರುತೂ ಬಿಟ್ಟುಕೊಡದೆ ಮೇಡಂ ವಿಷಯ ಹೇಳಿದರು. ಒಂದು ಹುಡುಗಿ ಎಷ್ಟು ಸೊಕ್ಕಿನಿಂದ ಮಾತಾಡಿದಳು ಎನ್ನುವುದನ್ನು ಸ್ವಲ್ಪ ಹೆಚ್ಚಾಗಿಯೇ ಹೇಳಿದರು. ತಾಯಿ ಹರೆಯದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದವರು, ಹುಡುಗಿಯರಿಗೆ ಕಲಿಸಿದವರು.

"ಕಲಿಯೋ ಹುಡುಗೀರಿಗೆ ನಾನೊಂದು ತುಂಡು ಬಟ್ಟೆ ಕೊಡ್ತಿದ್ದೆ, ನೆನಪಿದ್ಯಾ ನಿಂಗೆ? ಹೊಲಿ, ಬಿಚ್ಚು, ಮತ್ತೆ ಹೊಲಿ, ಮತ್ತೆ ಬಿಚ್ಚು. ಹತ್ತು ಹುಡುಗೀರು ಆ ತುಂಡಿನ ಮೇಲೆ ಕಲಿತು ಅಂಗಡಿ ಹಾಕಿದ್ರು. ಆ ತುಂಡು ಅಂಗಿ ಆಯ್ತೇನೇ?"

"ಇಲ್ಲ."

"ಬಟ್ಟೆ ಚೆನ್ನಾಗಿತ್ತು. ಆದ್ರೂ ಅದನ್ನ ಅಂಗಿಯಾಗಿ ಹೊಲಿಯೋಕೆ ಯಾರಿಗೂ ತೋಚಲಿಲ್ಲ. ನಂಗೂ ತೋಚಲಿಲ್ಲ."

ದೀಪದ ಬುಡದಲ್ಲೇ ಕತ್ತಲೆ ಎಂದು ಮೇಡಂ ಎಷ್ಟು ಜನಕ್ಕೆ ಉಪದೇಶ ಮಾಡಿದ್ದರೋ ಏನೋ. ಆ ಸಂಜೆ ಊಟ ಸೇರಲಿಲ್ಲ. ನಾಚಿಕೆಯಾಗಿತ್ತು, ಬರೀ ನಾಚಿಕೆ. ತಾವು ಮೇಷ್ಟ್ರನ್ನು ಎಷ್ಟು ಪ್ರೀತಿಯಿಂದ ಕಂಡಿದ್ದರೋ ಅಷ್ಟೇ ಪ್ರೀತಿಯಿಂದ ಹನ್ನೆರಡು ವರ್ಷ ಸವೆಸಿದ್ದರು. ಕಲಿತ ಹನ್ನೊಂದು ಮಂದಿಗೆ ಕಾಣದ್ದು, ಕಲಿಸಿದ ತಮಗೂ ಕಾಣದ್ದು, ಬಂದು ಎರಡು ತಿಂಗಳಾಗದ ಹುಡುಗಿಗೆ ಕಂಡಿತ್ತು. ಕಂಡದ್ದಷ್ಟೇ ಅಲ್ಲ, ಅದನ್ನು ಹೊತ್ತು ತಂದು ತಮ್ಮ ಮೇಜಿನ ಮೇಲೆ ಇಟ್ಟಿದ್ದಳು. ಅದನ್ನು ನೆನೆದಾಗ ನಾಚಿಕೆಯ ಪಕ್ಕದಲ್ಲೇ ಬೇರೊಂದು ಏನೋ ಮಿಸುಕಾಡಿತು. ಮೇಡಂ ಅದಕ್ಕೆ ಆಗಲೇ ಹೆಸರಿಡಲು ಹೋಗಲಿಲ್ಲ.

ಮಾರನೆಯ ಬೆಳಿಗ್ಗೆ ಚಿಕ್ಕ ಮೇಡಂಗೆ ಎರಡೇ ಮಾತು ಹೇಳಿದರು: "ಮುಂದುವರಿಸು. ನಾನು ಅಡ್ಡ ಬರಲ್ಲ." ಆಮೇಲೆ ಬಡಗಿ ಶೆಡ್ಡಿಗೆ ಹೋದರು.

"ಮೇಷ್ಟ್ರೇ, ಈ ವರ್ಷದಿಂದ ನಾನು ನಿಮ್ಮ ಅಭಿಪ್ರಾಯ ಕೇಳಲ್ಲ. ಅವಳು ಪಾಸೋ ಫೇಲೋ ನಾನೇ ನೋಡ್ಕೋತೀನಿ."

ಮೇಷ್ಟ್ರು ಉಜ್ಜುವುದನ್ನು ನಿಲ್ಲಿಸಿದರು. "ಹಾಗಾದ್ರೆ ನಾನು ಆ ರೂಮಿಗೆ ಯಾತಕ್ಕೆ ಹೋಗೋದು?"

"ನಿಮಗೋಸ್ಕರ."

ಮೇಷ್ಟ್ರು ಆ ಮಾತನ್ನು ಎಂದೂ ಕೇಳದವರಂತೆ ನೋಡಿದರು. ಮೇಡಂಗೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಭೇಟಿಯ ಕೋಣೆ ಅಂದರೆ ನೆಲಕ್ಕೆ ಬಿಗಿದ ಮೇಜು, ಬಾಗಿಲ ಕಡೆಗೊಂದು ಕುರ್ಚಿ, ಗೋಡೆಯ ಕಡೆಗೊಂದು ಕುರ್ಚಿ. ಬಾಗಿಲಿಗೆ ಅಂಗೈಯಗಲದ ಗಾಜು. ಮುಂದಿನ ವಾರಗಳಲ್ಲಿ ದೊಡ್ಡ ಮೇಡಂಗೆ ಆ ಕಡೆಯಿಂದಲೇ ಓಡಾಡುವ ಕೆಲಸ ಎಲ್ಲಿಂದಲೋ ಹುಟ್ಟಿಕೊಳ್ಳುತ್ತಿತ್ತು. ಗಾಜಿನಲ್ಲಿ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ಕೂತಿರುವುದು ಕಾಣುತ್ತಿತ್ತು. ಒಂದು ವಾರ, ಎರಡು ವಾರ. ಮೂರನೆಯ ವಾರ ಮೇಷ್ಟ್ರು ಮೇಜಿನ ಮೇಲೆ ಹಣೆ ಇಟ್ಟಿದ್ದರು. ಬೆನ್ನು ಅಲುಗುತ್ತಿತ್ತು. ಇದು ಪ್ರತಿ ವರ್ಷದ ಅಳು ಅಲ್ಲವೆಂದು ಗಾಜಿನ ಈಚೆಯಿಂದಲೇ ಗೊತ್ತಾಗುತ್ತಿತ್ತು, ನೋಡಲು ಚೆನ್ನಾಗಿರಲಿಲ್ಲ. ಹುಡುಗಿ ಏನೂ ಮಾಡುತ್ತಿರಲಿಲ್ಲ. ಅಲ್ಲಿಂದ ಕದಲದೆ ಇದ್ದಳು, ಅಷ್ಟೇ. ಅಷ್ಟು ಮಾಡಲು ಕಲಿಯುವುದಕ್ಕೆ ಕೆಲವರಿಗೆ ಇಡೀ ಆಯುಷ್ಯ ಸಾಲುವುದಿಲ್ಲ.

ಮಧ್ಯಾಹ್ನದ ತಲೆ ಎಣಿಕೆಗೆ ವಾರ್ಡರ್ ಬಂದ. "ಮೇಡಂ, ಮೇಷ್ಟ್ರು ಬ್ಯಾರಕ್ಕಿಗೆ ಬರ್ಬೇಕು. ಒಂದು ತಲೆ ಕಡಿಮೆ ಬರ್ತಿದೆ."

"ಗಾಜಲ್ಲಿ ನೋಡು. ತಲೆ ಕಾಣ್ತಿದ್ಯಾ?"

"ಕಾಣ್ತಿದೆ."

"ಎಣಿಸ್ಕೊಂಡು ಹೋಗು."

ಆ ಗುರುವಾರ ಚಿಕ್ಕ ಮೇಡಂ ವರದಿ ತಂದಳು. ಕೇಳಿದ್ದು ಒಂದೇ ಪ್ರಶ್ನೆಯಂತೆ, ನೀರು ಯಾಕೆ ಬೇಡ ಅಂತೀರಿ ಎಂದು. ಆ ಒಂದು ಪ್ರಶ್ನೆಗೆ ಮೇಷ್ಟ್ರು ಹತ್ತೊಂಬತ್ತು ವರ್ಷದ ಉತ್ತರ ಕೊಟ್ಟಿದ್ದರು. ಕಣ್ಣು ಕತ್ತಲೆ ಬಂದದ್ದು ಸುಳ್ಳು. ಭಾವನ ಕೈ ಈಗ ಮೊದಲಿನ ಹಾಗಿಲ್ಲ, ಕೆಲಸ ನನಗೇ ಕೊಡಿ ಎಂದು ಭಾವಮೈದ ಗಿರಾಕಿಯ ಮುಂದೆ ನಕ್ಕಿದ್ದ. ಗಿರಾಕಿ ಹೋದ ಮೇಲೆ ಮೇಷ್ಟ್ರು ಹೊಡೆದರು. ಅವನು ಬಿದ್ದ, ಸಾಯಲಿಲ್ಲ. "ಭಾವ, ನೀರು" ಎಂದ. ಹೂಜಿ ಕೈಗೆ ಎಟುಕುವಷ್ಟು ಹತ್ತಿರದಲ್ಲಿತ್ತು. ಮೇಷ್ಟ್ರು ತಿರುಗಿ ಕೂತು, ಅರ್ಧ ಆಗಿದ್ದ ಕಿಟಕಿ ಚೌಕಟ್ಟನ್ನು ಉಜ್ಜತೊಡಗಿದರು. ಅರ್ಧ ಗಂಟೆ. ಅವನು ಮೂರು ಸಲ ಕೇಳಿದ. ಆಮೇಲೆ ಕೇಳಲಿಲ್ಲ. ಬೀದಿಗೆ ಓಡಿದ್ದು ಆಮೇಲೆ.

ದೊಡ್ಡ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಹೇಳಿದರು: "ಆ ಪ್ಯಾರಾ ತೆಗಿ."

"ಮೇಡಂ?"

"ಕೋರ್ಟಿಗೇ ಗೊತ್ತಿಲ್ಲದ್ದು ಇದು. ಸಿಟ್ಟಲ್ಲಿ ಒಂದೇಟು ಹೊಡೆದ್ರು ಅನ್ನೋದಕ್ಕೂ ಇದಕ್ಕೂ ಆಕಾಶ ಭೂಮಿ ವ್ಯತ್ಯಾಸ. ಸಮಿತಿ ಓದಿದ್ರೆ ಅಲ್ಲಿಗೆ ಮುಗೀತು. ಐದು ವರ್ಷ! ಆ ಹೃದಯ ಇಟ್ಕೊಂಡು ಐದು ವರ್ಷ. ಅವರು ಇಲ್ಲೇ ಸಾಯ್ತಾರೆ, ಗೊತ್ತಿದ್ಯಾ?"

"ಗೊತ್ತು. ಅವರಿಗೂ ಹೇಳಿದೆ. ಇದನ್ನ ಬರೀಬೇಕೋ ಬೇಡವೋ ನೀವೇ ಹೇಳಿ ಅಂತ ಮೂರು ದಿನ ಬೇರೆ ಬೇರೆಯಾಗಿ ಕೇಳಿದೆ. ಮೂರು ದಿನವೂ ಬರಿ ಅಂದ್ರು."

"ಅವರು ಹೇಳ್ತಾರೆ. ನಿನಗೆ ಬುದ್ಧಿ ಇಲ್ವಾ?"

"ತೆಗೆದ್ರೆ ಇದು ಹನ್ನೆರಡನೇ ನಕಲು ಮೇಡಂ." ಹುಡುಗಿ ಮೇಜಿನಿಂದ ಕಾಗದ ಎತ್ತಿಕೊಂಡಳು. "ನೀವು ತೆಗೀಬಹುದು, ಅಧಿಕಾರ ನಿಮ್ಮದು. ಆಗ ನನ್ನ ಹೆಸರೂ ತೆಗೆದುಬಿಡಿ."

"ನಿನಗೆ ಅಂಕ ಕೊಡೋಳು ನಾನು. ನಾನು ಬರೆದ್ರೆ ಈ ವರ್ಷ ನಿನ್ನ ಡಾಕ್ಟರೇಟು ಇಲ್ಲ."

"ಅದೂ ಗೊತ್ತು" ಎಂದಳು ಚಿಕ್ಕ ಮೇಡಂ. ಕಣ್ಣಲ್ಲಿ ನೀರು ತುಂಬಿತ್ತು, ಕಾಗದ ಮಾತ್ರ ಕೈಬಿಟ್ಟಿರಲಿಲ್ಲ.

ಆಗ ದೊಡ್ಡ ಮೇಡಂಗೆ ಆ ಸಂಜೆ ಮಿಸುಕಾಡಿದ್ದು ಏನೆಂದು ತಿಳಿಯಿತು. ಹೆಮ್ಮೆ. ತಮ್ಮ ಮಾತು ಕೇಳಿ ತಲೆಯಾಡಿಸಿದ ಹನ್ನೊಂದು ಮಂದಿಯ ಮೇಲೆ ಇದ್ದ ಹೆಮ್ಮೆಯಲ್ಲ ಅದು. ಶಿಷ್ಯರ ಕೈಯಲ್ಲಿ ಸೋಲಬೇಕು ಎಂದು ಹಿರಿಯರು ಹೇಳುವುದು ಕೇಳಲು ಚೆಂದ, ಸೋಲುವ ದಿನ ಅದು ಗಂಟಲಲ್ಲಿ ಮುಳ್ಳಿನ ಹಾಗೆ ನಿಲ್ಲುತ್ತದೆ. ನಿಂತರೂ, ಎದೆ ಉಬ್ಬುವುದು ನಿಲ್ಲಲಿಲ್ಲ.

"ಕೊಡು ಇಲ್ಲಿ" ಎಂದು ಕಾಗದ ಕಿತ್ತುಕೊಂಡು ಕೊನೆಯ ಪುಟಕ್ಕೆ ಸಹಿ ಹಾಕಿದರು. "ಕಣ್ಣು ಒರೆಸ್ಕೋ. ಎರಡು ಕಡೆ ಅಲ್ಪವಿರಾಮ ತಪ್ಪಿದೆ, ಸರಿ ಮಾಡು." ಅವಳು ಹೋದ ಮೇಲೆ ಒಂದು ಬಿಳಿ ಹಾಳೆ ತೆಗೆದು ತಾವೂ ಒಂದು ಪುಟ ಬರೆದು ವರದಿಗೆ ಸೇರಿಸಿದರು.

ವಿಚಾರಣೆ ಆಡಳಿತ ಕಟ್ಟಡದ ಉದ್ದ ಕೋಣೆಯಲ್ಲಿ. ಸಮಿತಿಯಲ್ಲಿ ಮೂವರು. ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು, ಅವರ ಎಡಕ್ಕೆ ಒಬ್ಬ ಡಾ‌ಕ್ಟರಮ್ಮ, ಬಲಕ್ಕೆ ಸಮಾಜ ಕಲ್ಯಾಣದ ಅಧಿಕಾರಿ. ಅಧ್ಯಕ್ಷರು ಆ ಪ್ಯಾರಾದ ಮೇಲೆ ಬೆರಳಿಟ್ಟರು.

"ಇದನ್ನ ಬರೆದೋರು ನೀವಾ? ಇದು ಇವರ ಬಿಡುಗಡೆಗೆ ಸಹಾಯ ಮಾಡೋ ಮಾತಲ್ಲ, ಗೊತ್ತಾ?"

"ಗೊತ್ತು ಸರ್" ಎಂದಳು ಚಿಕ್ಕ ಮೇಡಂ. "ಇಲ್ಲಿವರೆಗೂ ಬರೆದಿದ್ದೆಲ್ಲ ಸಹಾಯ ಮಾಡೋಕೇ ಬರೆದದ್ದು."

ಅಧ್ಯಕ್ಷರು ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರು ಎದ್ದರು. ಹನ್ನೆರಡು ವರ್ಷದಲ್ಲಿ ಮಾತಿಗೆ ತಡವರಿಸದವರು ಅವತ್ತು ಎರಡು ಸಲ ಬಾಯಿ ತೆರೆದು ಮುಚ್ಚಿದರು. ಹೇಳಿದ್ದು ಹಿಂದುಮುಂದಾಗಿತ್ತು. ಚೌಕಟ್ಟಿನ ಮರ ಯಾವುದು ಎನ್ನುವಲ್ಲಿ ಸಿಕ್ಕಿಕೊಂಡರು, ಮತ್ತೆ ಹಿಂದಕ್ಕೆ ಹೋದರು. "ಮೂರು ಸಲ ಕೇಳಿದ. ಅಲ್ಲ, ನಾಲ್ಕು. ನಾಲ್ಕನೇದು ಇವತ್ತು ಬೆಳಿಗ್ಗೆ ನೆನಪಾಯ್ತು. ನೀರು ಅಂತ ಕೇಳಲಿಲ್ಲ ಅವಾಗ. ಅವರಕ್ಕನ ಹೆಸರು ಹೇಳಿದ. ನನ್ನ ಹೆಂಡತಿ ಹೆಸರು." ಅಷ್ಟು ಹೇಳಿ ಕೂತುಬಿಟ್ಟರು. ಅಳಲಿಲ್ಲ.

ಡಾಕ್ಟರಮ್ಮ ಕೇಳಿದರು: "ಇಷ್ಟು ವರ್ಷ ಬಿಟ್ಟು ಈಗ ಯಾಕೆ ಹೇಳ್ತಿದೀರಿ?"

"ಕೇಳಿದ್ರು, ಅದಕ್ಕೆ."

ಅಧ್ಯಕ್ಷರು ಕೊನೆಯ ಹಾಳೆ ಎತ್ತಿ ದೊಡ್ಡ ಮೇಡಂ ಕಡೆ ನೋಡಿದರು. ಮೇಡಂ ಕೂತೇ ಉತ್ತರಿಸಬಹುದಿತ್ತು. ಎದ್ದು ನಿಂತರು. "ನಾನೇ ಬರೆದದ್ದು ಸರ್. ಇವರ ಮೇಲೆ ಹನ್ನೊಂದು ಜನಕ್ಕೆ ಕೆಲಸ ಕಲಿಸಿದೆ, ಇವರಿಗೆ ಏನೂ ಮಾಡಲಿಲ್ಲ. ಹಿಂದೆ ಎರಡು ಸಲ ನಿಮಗೆ ನಂಬಿಕೆ ಬರದೆ ಇದ್ದದ್ದಕ್ಕೆ ಕಾರಣ ಇವರಲ್ಲ, ನನ್ನ ವಿಭಾಗ. ಇದನ್ನ ಕಂಡುಹಿಡಿದದ್ದು ನಾನಲ್ಲ. ನನ್ನ ವಿದ್ಯಾರ್ಥಿನಿ." ಕೊನೆಯ ಮಾತು ಹೇಳುವಾಗ ತಪ್ಪೊಪ್ಪಿಕೊಳ್ಳುವವರ ತಲೆ ತಗ್ಗಬೇಕಿತ್ತು. ಮೇಡಂ ತಲೆ ನೆಟ್ಟಗೇ ಇತ್ತು.

ಹೊರಗೆ ಬೆಂಚಿನ ಮೇಲೆ ನಲವತ್ತು ನಿಮಿಷ ಕಾಯಿಸಿದರು. ಮತ್ತೆ ಒಳಗೆ ಕರೆದಾಗ ಅಧ್ಯಕ್ಷರು ಸುತ್ತಿಬಳಸದೆ ಓದಿದರು. ಮೂರು ತಿಂಗಳ ನಂತರ ಬಿಡುಗಡೆ. ಬಿಡುಗಡೆಯಾದವರ ವಸತಿಗೃಹದಲ್ಲಿ ವಾಸ, ಎರಡು ವರ್ಷ ವಾರಕ್ಕೊಮ್ಮೆ ಚಿಕಿತ್ಸೆ ತಪ್ಪಿಸುವಂತಿಲ್ಲ. "ಕೇಳೋಕೆ ಕಷ್ಟ ಆಯ್ತು" ಎಂದರು ಕಾಗದ ಮಡಚುತ್ತಾ. "ಆದ್ರೆ ಈ ಸಲ ನಂಬಿದ್ವಿ."

ಚಿಕ್ಕ ಮೇಡಂ ಹೊರಗೆ ಬಂದವಳೇ ಬಾತ್‌ರೂಮಿಗೆ ಓಡಿದಳು. ಬಿಕ್ಕುವ ಸದ್ದು ಹೊರಗೂ ಕೇಳುತ್ತಿತ್ತು. ದೊಡ್ಡ ಮೇಡಂ ಬಾಗಿಲಿಗೆ ಬೆನ್ನು ಕೊಟ್ಟು ಕಾವಲು ನಿಂತರು. ಕೈಯಲ್ಲಿ ಫೈಲು ಹಿಡಿದ ಗುಮಾಸ್ತೆಯೊಬ್ಬಳು ಒಳಗೆ ಹೋಗಲು ಬಂದಳು.

"ಸ್ವಲ್ಪ ತಡೀಮ್ಮ. ಒಳಗೆ ನಮ್ಮ ಡಾಕ್ಟರಿದಾರೆ."

ಸೋಮವಾರ ಮೇಷ್ಟ್ರು ಮತ್ತೆ ಚೀಟಿ ಬರೆಸಿಕೊಂಡು ವಿಭಾಗಕ್ಕೆ ಬಂದರು. ಈ ಸಲ ತಲೆ ಬಾಚಿತ್ತು, ಅಂಗಿಯ ಗುಂಡಿ ಕತ್ತಿನವರೆಗೂ ಹಾಕಿತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಮೇಡಂ, ನನ್ನ ಹನ್ನೊಂದು ಮಕ್ಕಳ ವಿಳಾಸ ನಿಮ್ಮ ಹತ್ರ ಇದೆಯಲ್ಲ. ಪತ್ರ ಹಾಕ್ಬೇಕು. ನಾನು ಅವರಿಗೆ ಸುಳ್ಳು ಕಲಿಸಿದೀನಿ. ಅದನ್ನೇ ಹಿಡ್ಕೊಂಡು ಅವರು ಇನ್ನೂ ಎಷ್ಟು ಜನಕ್ಕೆ ಕಲಿಸ್ತಿದಾರೋ. ತಿದ್ದಬೇಕು."

ಮೇಡಂ ತಲೆ ಎತ್ತಿ ನೋಡಿದರು. ಹೊರಗೆ ಹೋಗಲು ಮೂರು ತಿಂಗಳಿರುವ ಮನುಷ್ಯ, ತಮ್ಮ ಬಗ್ಗೆ ಇದ್ದ ಒಂದೇ ಒಳ್ಳೆಯ ಹೆಸರನ್ನು ತಾವೇ ಅಳಿಸಲು ಬಂದು ನಿಂತಿದ್ದರು. ಇಂಥವರನ್ನು ತಾವು ಮೇಷ್ಟ್ರು ಎಂದು ಕರೆದದ್ದರಲ್ಲಿ ಎಳ್ಳಷ್ಟೂ ತಪ್ಪಿಲ್ಲವೆನಿಸಿತು.

"ನೀವು ಹೇಳಿ, ನಾನು ಟೈಪ್ ಮಾಡ್ತೀನಿ" ಎಂದರು ಕಂಪ್ಯೂಟರ್ ಹತ್ತಿರಕ್ಕೆ ಎಳೆದುಕೊಂಡು. "ಒಂದು ಬರೆದ್ರೆ ಸಾಕು, ಹನ್ನೊಂದು ಪ್ರತಿ ತೆಗೀಬಹುದು."

"ಬೇಡ ಮೇಡಂ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳ್ತೀನಿ. ಎಷ್ಟು ದಿನ ಆದ್ರೂ ಆಗ್ಲಿ."

"ಸರಿ. ಮೊದಲು ಯಾರಿಗೆ? ಪ್ರೊಫೆಸರಿಗಾ?"

ಮೇಷ್ಟ್ರು ಸ್ವಲ್ಪ ಹೊತ್ತು ತಮ್ಮ ಕೈಗಳನ್ನೇ ನೋಡಿಕೊಂಡರು.

"ಮೊದಲು ನಿಮಗೆ. ಮೊದಲು ಕೇಳಿದೋರು ನೀವೇ ಅಲ್ವಾ."

ದೊಡ್ಡ ಮೇಡಂ ಕೀಬೋರ್ಡಿನಿಂದ ಕೈ ತೆಗೆದರು. ಎದ್ದು ಹೋಗಿ ಬಾಗಿಲು ಹಾಕಿ, ಫೋನು ಎತ್ತಿಟ್ಟು ಬಂದರು. ಕುರ್ಚಿಯನ್ನು ಮೇಷ್ಟ್ರ ಕಡೆಗೆ ತಿರುಗಿಸಿ ಕೂತು, "ಹೇಳಿ" ಎಂದರು.